ಬಿಕಾಂ ಆದ್ಮೇಲೆ ಸ್ಕೂಲ್ ಸೈಕಾಲಜಿಸ್ಟ್ ಆಗ್ಬಹುದಾ? ಅರ್ಜಿ ಹಾಕೋ ಮುಂಚೆ ಒಂದು ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಚಿಕ್ಕದು ಮಾಡಲಾಗಿದೆ.)



ಈ ಸಲದ ಪ್ರಶ್ನೆ ಕಂಪ್ಲಿಯಿಂದ ವಾಯ್ಸ್ ಮೆಸೇಜ್ ಆಗಿ ಬಂದಿದೆ. ಕೇಳಿರೋರು ಬಿಕಾಂ ಮುಗಿಸಿ ನಾಲ್ಕು ವರ್ಷ ಆಗಿದೆ. ಹಗಲು ಹೊತ್ತು ಜಿಎಸ್‌ಟಿ ರಿಟರ್ನ್ ಹಾಕೋ ಕೆಲಸ, ಸಂಜೆ ಮನೇಲಿ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್. ಟ್ಯೂಷನ್‌ಗೆ ಬರೋ ಮಕ್ಕಳಲ್ಲಿ ಕೆಲವರು ಓದಿನಲ್ಲಿ ಹಿಂದೆ ಬಿದ್ದಿರೋದಕ್ಕೆ ಕಾರಣ ಸೋಮಾರಿತನ ಅಲ್ಲ, ಬೇರೆ ಏನೋ ಐತೆ ಅಂತ ಇವರಿಗೆ ಅನ್ನಿಸ್ತಿದೆ. ಆ 'ಬೇರೆ ಏನೋ' ಕಂಡುಹಿಡಿಯೋ ಕೆಲಸ ಮಾಡ್ಬೇಕು, ಸ್ಕೂಲ್ ಸೈಕಾಲಜಿಸ್ಟ್ ಆಗ್ಬೇಕು, ಯಾವ ಪಿಜಿಗೆ ಅರ್ಜಿ ಹಾಕ್ಲಿ ಅಂತ ಕೇಳಿದ್ದಾರೆ. ನಾನೂ ಬಿಕಾಂ. ಯಾವ ಕೋರ್ಸ್ ಕಂಡ್ರೂ ಮೊದಲು ಡೆಬಿಟ್-ಕ್ರೆಡಿಟ್ ಹಾಕೋ ಚಟ. ಹಾಗಾಗಿ ಈ ಪ್ರಶ್ನೆನ ಖುಷಿಯಿಂದಲೇ ಕೈಗೆ ತಗೊಂಡೆ.

ಮೊದಲು ಹೆಸರಿನ ವಿಷಯ. ಅಮೆರಿಕದಲ್ಲಿ 'ಸ್ಕೂಲ್ ಸೈಕಾಲಜಿಸ್ಟ್' ಅನ್ನೋದು ಲೈಸೆನ್ಸ್ ಇರೋ ಒಂದು ಪ್ರತ್ಯೇಕ ವೃತ್ತಿ. ಸಾಮಾನ್ಯವಾಗಿ ಡಿಗ್ರಿ ಆದ್ಮೇಲೆ ಮೂರು ವರ್ಷದ ಸ್ಪೆಷಲಿಸ್ಟ್ ಕೋರ್ಸ್, ಅದರಲ್ಲಿ 1,200 ಗಂಟೆ ಇಂಟರ್ನ್‌ಶಿಪ್. ಅಲ್ಲಿನ ವೃತ್ತಿ ಸಂಘ 500 ಮಕ್ಕಳಿಗೆ ಒಬ್ಬರು ಇರಬೇಕು ಅನ್ನುತ್ತೆ. ಯೂಟ್ಯೂಬಲ್ಲಿ ಹುಡುಕಿದ್ರೆ ಸಿಗೋದೆಲ್ಲ ಬಹುಪಾಲು ಈ ಅಮೆರಿಕದ ಕಥೆನೇ. ನಮ್ಮಲ್ಲಿ ಆ ಹೆಸರಿನ ಲೈಸೆನ್ಸ್ ಇಲ್ಲ. ಇಲ್ಲಿ ಅದೇ ಕೆಲಸ ಮೂರು ಕುರ್ಚಿಗಳಿಗೆ ಹಂಚಿಹೋಗಿದೆ. ಯಾವ ಕುರ್ಚಿ ಬೇಕು ಅಂತ ಗೊತ್ತಿಲ್ಲದೆ ಫೀಸು ಕಟ್ಟಿದ್ರೆ, ಎರಡು ವರ್ಷ ಆದ್ಮೇಲೆ ಬೇರೆ ಯಾರದೋ ಕುರ್ಚಿ ಮುಂದೆ ನಿಂತಿರ್ತೀರಿ.

ಒಂದನೇದು ಶಾಲಾ ಕೌನ್ಸೆಲರ್. ಮಕ್ಕಳ ಜೊತೆ ಮಾತಾಡೋದು, ಪರೀಕ್ಷೆ ಭಯ, ಮನೆ ಜಗಳ, ಮೊಬೈಲ್ ಚಟ, ಪ್ರೀತಿ ಪ್ರೇಮ, ಮುಂದೇನು ಓದಬೇಕು ಅನ್ನೋ ಗೊಂದಲ, ಇದೆಲ್ಲ ಇವರ ಪಾಲು. ಎರಡನೇದು ಆರ್‌ಸಿಐ ನೋಂದಣಿ ಇರೋ ಸೈಕಾಲಜಿಸ್ಟ್. ಆರ್‌ಸಿಐ ಅಂದ್ರೆ 1992ರ ಕಾಯ್ದೆಯಡಿ ಇರೋ ಭಾರತೀಯ ಪುನರ್ವಸತಿ ಪರಿಷತ್ತು. ಕ್ಲಿನಿಕಲ್ ಸೈಕಾಲಜಿಸ್ಟ್, ರಿಹ್ಯಾಬಿಲಿಟೇಷನ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕೋಕೆ ಈ ನೋಂದಣಿ ಬೇಕೇ ಬೇಕು. ಮೂರನೇದು, ಶಾಲೆಯಲ್ಲಿ ಈಗಾಗಲೇ ಪಾಠ ಮಾಡ್ತಾ, ತರಬೇತಿ ತಗೊಂಡು ಈ ಕೆಲಸನೂ ಮಾಡೋ ಶಿಕ್ಷಕರು.

ಈ ವ್ಯತ್ಯಾಸ ಕಾಗದದ ಮೇಲಿನದ್ದಲ್ಲ ರೀ. ಟ್ಯೂಷನ್‌ಗೆ ಬರೋ ಒಬ್ಬ ಹುಡುಗನ್ನೇ ತಗೊಳ್ಳಿ. ಬಾಯಲ್ಲಿ ಲೆಕ್ಕ ಹೇಳಿದ್ರೆ ಪಟ್ ಅಂತ ಉತ್ತರ, ಅದೇ ಲೆಕ್ಕ ಪುಸ್ತಕದಲ್ಲಿ ಓದು ಅಂದ್ರೆ ಅಕ್ಷರ ಹಿಂದುಮುಂದು. ಡಿಸ್ಲೆಕ್ಸಿಯಾ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನ ಪಟ್ಟಿ ಮಾಡಿದೆ, ಅದರಲ್ಲಿ ಈ ಕಲಿಕಾ ನ್ಯೂನತೆನೂ ಒಂದು. ಪ್ರಮಾಣಪತ್ರ ಇದ್ರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಸಿಗುತ್ತೆ. ಆ ಪ್ರಮಾಣಪತ್ರಕ್ಕೆ ಬೇಕಾದ ಪರೀಕ್ಷೆ ಮಾಡಿ ಸಹಿ ಹಾಕೋ ತಂಡದಲ್ಲಿ ಇರಬೇಕಾದ್ದು ಎರಡನೇ ಕುರ್ಚಿಯವರು. ಕೌನ್ಸೆಲರ್ ಆ ಹುಡುಗನ್ನ ಗುರುತಿಸಬಹುದು, ಅಪ್ಪ ಅಮ್ಮನಿಗೆ ಅರ್ಥ ಮಾಡಿಸಬಹುದು, ಸರಿಯಾದ ಕಡೆ ಕಳಿಸಬಹುದು. ಸಹಿ ಹಾಕೋ ಹಾಗಿಲ್ಲ. ಕಂಪ್ಲಿಯ ಕೇಳುಗರು ಹೇಳಿದ 'ಬೇರೆ ಏನೋ' ಅನ್ನೋದನ್ನ ಪರೀಕ್ಷೆ ಮಾಡಿ ಹೆಸರಿಟ್ಟು ಹೇಳ್ಬೇಕು ಅಂದ್ರೆ ದಾರಿ ಉದ್ದ. ಮಗುವಿನ ಪಕ್ಕ ಕೂತು ಕೇಳಿಸ್ಕೊಂಡು ಮುಂದಿನ ದಾರಿ ತೋರಿಸಬೇಕು ಅಂದ್ರೆ ಸ್ವಲ್ಪ ಚಿಕ್ಕದು.

ಈಗ ಕೆಲಸ ಇದೆಯಾ ಅನ್ನೋ ಪ್ರಶ್ನೆ. ಇಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಡ್ತು. ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗ್‌ಗೆ ಹೋಗಿದ್ದ 17 ವರ್ಷದ ಹುಡುಗಿಯ ಸಾವಿನ ಪ್ರಕರಣ ಅದು. ಅದರಲ್ಲಿ ಕೋರ್ಟ್ 15 ಮಾರ್ಗಸೂಚಿಗಳನ್ನ ಹಾಕಿದೆ. ನಮಗೆ ಬೇಕಾದ್ದು ಇದು: 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸೋಷಿಯಲ್ ವರ್ಕರ್ ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಅಧಿಕೃತ ಸಂಪರ್ಕ ಇಟ್ಕೋಬೇಕು. ಕಾನೂನು ಬರೋವರೆಗೂ ಈ ಮಾರ್ಗಸೂಚಿಗಳೇ ಜಾರಿಯಲ್ಲಿರುತ್ತವೆ. ಆ ಸಾಲಲ್ಲಿ 'ಸೋಷಿಯಲ್ ವರ್ಕರ್' ಅನ್ನೋ ಪದ ಇದೆಯಲ್ಲ, ಅದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಬಿಕಾಂನೋರಿಗೆ ಅದು ಮುಂದೆ ಉಪಯೋಗಕ್ಕೆ ಬರುತ್ತೆ.

100 ಮಕ್ಕಳು ಅಂದ್ರೆ ದೊಡ್ಡ ಸಂಖ್ಯೆನೇ ಅಲ್ಲ. ಹೊಸಪೇಟೆಯ ಪಿಯು ಕಾಲೇಜುಗಳು, ತೋರಣಗಲ್ಲಿನ ಸುತ್ತಮುತ್ತಲಿನ ಶಾಲೆಗಳು, ಸಂಡೂರು, ಕಂಪ್ಲಿಯ ಹೈಸ್ಕೂಲುಗಳು, ಬಹುಪಾಲು ಎಲ್ಲ ಇದರೊಳಗೆ ಬರುತ್ತವೆ. ಆದ್ರೆ ತೀರ್ಪು ಬಂದ ತಕ್ಷಣ ಹುದ್ದೆ ಹುಟ್ಟಲ್ಲ. ಈಗ ನಿಜವಾಗಿ ಜಾಹೀರಾತು ಬರೋದು ಎಲ್ಲಿ ಅಂದ್ರೆ, ಸಿಬಿಎಸ್‌ಇ ಶಾಲೆಗಳು, ಯಾಕಂದ್ರೆ ಮಾನ್ಯತೆಯ ನಿಯಮದಲ್ಲೇ ಕೌನ್ಸೆಲರ್ ಇರಬೇಕು ಅಂತ ಇದೆ. ಆಮೇಲೆ ಕೇಂದ್ರೀಯ ವಿದ್ಯಾಲಯ, ನವೋದಯಗಳ ಗುತ್ತಿಗೆ ಕೆಲಸ. ಕೇಂದ್ರೀಯ ವಿದ್ಯಾಲಯಗಳು ವಾಕ್-ಇನ್ ಇಂಟರ್‌ವ್ಯೂ ಕರೆದಾಗ ಸಾಮಾನ್ಯವಾಗಿ ಕೇಳೋದು ಡಿಗ್ರಿಯಲ್ಲಿ ಸೈಕಾಲಜಿ, ಜೊತೆಗೆ ಕೌನ್ಸೆಲಿಂಗ್ ಡಿಪ್ಲೊಮಾ. ತಾಲೂಕಿನ ಸರ್ಕಾರಿ ಹೈಸ್ಕೂಲಲ್ಲಿ ಈ ಕೆಲಸನ ಇವತ್ತಿಗೂ ಹೊತ್ತಿರೋದು ಕ್ಲಾಸ್ ಟೀಚರ್ ಮತ್ತು ಬಿಆರ್‌ಸಿಯಿಂದ ಬರೋ ಬಿಐಇಆರ್‌ಟಿ ಮೇಷ್ಟ್ರು. ಒಟ್ಟು ಚಿತ್ರ ಹೇಳ್ಬೇಕಂದ್ರೆ, ಬೇಡಿಕೆ ಕಾಗದದಲ್ಲಿ ಬಂದಾಗಿದೆ, ಸಂಬಳದ ಪಟ್ಟಿಗೆ ನಿಧಾನಕ್ಕೆ ಬರ್ತಿದೆ. ಕಾಯಂ ಸರ್ಕಾರಿ ನೌಕರಿ ಲೆಕ್ಕದಲ್ಲಿ ಈ ಓದಿಗೆ ಇಳಿಯೋದು ಬೇಡ.

ಈಗ ಕಹಿ ಸುದ್ದಿ. ನಮ್ಮಂಥೋರಿಗೆ ಇಷ್ಟು ದಿನ ಒಂದು ಸುಲಭದ ಬಾಗಿಲಿತ್ತು. ಇಗ್ನೋದಲ್ಲಿ ದೂರಶಿಕ್ಷಣದ ಎಂಎ ಸೈಕಾಲಜಿ. ಯಾವ ಡಿಗ್ರಿ ಇದ್ರೂ ಸೇರಿಸ್ಕೊಳ್ತಿದ್ರು, ಫೀಸು ಕಡಿಮೆ, ಕೆಲಸ ಬಿಡೋದು ಬೇಕಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಯುಜಿಸಿ ಆ ಬಾಗಿಲು ಹಾಕ್ತು. 2021ರ ಆರೋಗ್ಯ ವೃತ್ತಿಗಳ ಕಾಯ್ದೆಯಡಿ ಬರೋ ವಿಷಯಗಳನ್ನ, ಸೈಕಾಲಜಿನೂ ಸೇರಿಸಿ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನಲ್ಲಾಗಲಿ ಕಲಿಸೋ ಹಾಗಿಲ್ಲ ಅಂತ ಎಲ್ಲ ವಿಶ್ವವಿದ್ಯಾಲಯಗಳಿಗೂ ಹೇಳ್ತು. ಅದಕ್ಕಿಂತ ಮುಂಚೆ ಸೇರಿದವರ ಮಾತು ಬೇರೆ. ಹೊಸದಾಗಿ ಸೇರೋರು, 'ಮನೆಯಲ್ಲೇ ಕೂತು ಎಂಎ ಸೈಕಾಲಜಿ, ಇವತ್ತೇ ಅಡ್ಮಿಷನ್' ಅನ್ನೋ ರೀಲ್ ಕಂಡ್ರೆ ಬೆರಳು ಮೇಲಕ್ಕೆ ಎಳೆದು ಮುಂದೆ ಹೋಗಿ. 'ಮೂರು ವಾರಾಂತ್ಯದಲ್ಲಿ ಸರ್ಟಿಫೈಡ್ ಚೈಲ್ಡ್ ಸೈಕಾಲಜಿಸ್ಟ್' ಅನ್ನೋದಂತೂ ಕೇಳೋದೇ ಬೇಡ.

ಈ ಆದೇಶ ಸರಿನಾ? ಮಗುವಿನ ಮನಸ್ಸಿನ ಜೊತೆ ಕೆಲಸ ಮಾಡೋರು ಮೇಲ್ವಿಚಾರಣೆಯಲ್ಲಿ ಕಲೀಬೇಕು ಅನ್ನೋದು ನನಗೆ ಒಪ್ಪಿಗೆ. ಆದ್ರೆ ಅದರ ಖರ್ಚು ಬೀಳ್ತಿರೋದು ಯಾರ ಮೇಲೆ ಅಂತ ನೋಡ್ರಿ. ತಿಂಗಳಿಗೆ 15,000 ದುಡಿಯೋರು ಎರಡು ವರ್ಷ ರೆಗ್ಯುಲರ್ ಪಿಜಿಗೆ ಹೋದ್ರೆ ಬಿಟ್ಟ ಸಂಬಳವೇ 3,60,000 ರೂಪಾಯಿ. ಫೀಸು, ಹಾಸ್ಟೆಲ್ ಅದರ ಮೇಲೆ. ಪ್ರಾಸ್ಪೆಕ್ಟಸ್‌ನಲ್ಲಿ ಈ ಅಂಕಿ ಎಲ್ಲೂ ಬರೆದಿರಲ್ಲ. ನಿಮ್ಮ ನೋಟ್‌ಬುಕ್ಕಲ್ಲಿ ನೀವೇ ಬರ್ಕೋಬೇಕು, ಮನೆಯವರ ಜೊತೆ ಕೂತು ಮಾತಾಡ್ಬೇಕು.

ಹಾಗಾದ್ರೆ ಉಳಿದಿರೋ ಬಾಗಿಲುಗಳು ಯಾವುವು?

ರೆಗ್ಯುಲರ್ ಎಂಎ ಅಥವಾ ಎಂಎಸ್ಸಿ ಸೈಕಾಲಜಿ ನೇರ ದಾರಿ. ನಮ್ಮ ಪಕ್ಕದಲ್ಲೇ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೆ, ಸಂಡೂರಿನ ನಂದಿಹಳ್ಳಿಯಲ್ಲಿ ಅದಿರು ಸಂಸ್ಕರಣೆಯಲ್ಲೇ ಪಿಜಿ ಮಾಡಬಹುದು. ಆದ್ರೆ ಸೈಕಾಲಜಿಗೆ ನಾನು ಮೊದಲು ನೋಡಿ ಅನ್ನೋದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯ, ಕಲಬುರಗಿ ಹತ್ತಿರ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ. ಧಾರವಾಡಕ್ಕೆ ಕೊಪ್ಪಳ, ಗದಗ ಮೇಲೆ ರೈಲಿದೆ. ಮೈಸೂರಿಗೆ ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆಯಿಂದಲೇ ಹತ್ತಬಹುದು. ಪ್ರತಿ ಪ್ರಾಸ್ಪೆಕ್ಟಸ್‌ನಲ್ಲೂ ಬಿಕಾಂನೋರು ಮೊದಲು ಓದಬೇಕಾದ್ದು 'ಅರ್ಹತೆ' ಅನ್ನೋ ಕಾಲಂ. ಕೆಲವು ಕಡೆ ಯಾವ ಡಿಗ್ರಿಯಾದ್ರೂ ಸಾಕು. ಕೆಲವು ಕಡೆ ಡಿಗ್ರಿಯಲ್ಲಿ ಸೈಕಾಲಜಿ ಓದಿರಲೇಬೇಕು. ಅರ್ಜಿ ಶುಲ್ಕ ಕಟ್ಟೋ ಮುಂಚೆ ಆ ವಿಭಾಗದ ಆಫೀಸಿಗೆ ಫೋನ್ ಮಾಡಿ, 'ಬಿಕಾಂ ಮಾಡಿದೀನಿ, ಅರ್ಹತೆ ಇದೆಯಾ' ಅಂತ ಒಂದೇ ಪ್ರಶ್ನೆ ಕೇಳಿ.

ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಪಿಜಿ ಪರೀಕ್ಷೆ ಬರೀಬೇಕು. 2025ರ ಮಾದರಿಯಲ್ಲಿ 75 ಪ್ರಶ್ನೆ, 90 ನಿಮಿಷ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆಯುತ್ತೆ. ಸೈಕಾಲಜಿ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡ ಮೀಡಿಯಂನಲ್ಲಿ ಓದಿದೋರು ವಿಷಯಕ್ಕಿಂತ ಮೊದಲು ಪಾರಿಭಾಷಿಕ ಪದಗಳ ಜೊತೆ ಕುಸ್ತಿ ಹಿಡೀಬೇಕು. ಬಿಕಾಂನೋರಿಗೆ ಒಂದು ಅನುಕೂಲ ಇದೆ: ಸ್ಟ್ಯಾಟಿಸ್ಟಿಕ್ಸ್. ಸೈಕಾಲಜಿ ಪಿಜಿಯಲ್ಲಿ ಬಹಳ ಜನ ಹೆದರೋದು ಅದಕ್ಕೇ. ನಾವು ಮೀನ್, ಸ್ಟ್ಯಾಂಡರ್ಡ್ ಡೀವಿಯೇಷನ್, ಸ್ಪಿಯರ್‌ಮನ್ ರ‍್ಯಾಂಕ್ ಕೋರಿಲೇಷನ್ ಎಲ್ಲ ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಮುಗಿಸಿದೀವಿ.

ಒಂದು ನಿಮಿಷ ದಾರಿ ತಪ್ಪಿಸ್ತೀನಿ. ಆ ಸ್ಪಿಯರ್‌ಮನ್ ಕಾಮರ್ಸ್‌ನವರಲ್ಲ, ಲಂಡನ್ನಿನ ಸೈಕಾಲಜಿ ಪ್ರೊಫೆಸರ್. ಅವರ ಹತ್ತಿರ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸೈಕಾಲಜಿ ವಿಭಾಗ ಕಟ್ಟಿದ್ರು. ಕಲ್ಕತ್ತಾ ಬಿಟ್ರೆ ದೇಶದಲ್ಲಿ ಎರಡನೇದು. ಅದೇ ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ರು. 'ಆಕಾಶವಾಣಿ' ಅನ್ನೋ ಹೆಸರು ಅಲ್ಲಿಂದಲೇ ಬಂದದ್ದು. ಸೈಕಾಲಜಿ ಮೇಷ್ಟ್ರು ಮನೆಯಿಂದ ಪ್ರಸಾರ ಮಾಡಿದ್ರು ಅಂದ್ಮೇಲೆ, ನಾನು ಮನೆಯಿಂದ ಈ ವಿಷಯ ಮಾತಾಡೋದಕ್ಕೂ ಒಂದು ಪರಂಪರೆ ಇದೆ ಅಂತಾಯ್ತು. ಇರಲಿ.

ಎರಡನೇ ಬಾಗಿಲು ಎಂಎಸ್‌ಡಬ್ಲ್ಯು. ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ ಅಂದಿದ್ದು ಇದಕ್ಕೇ. ಸಮಾಜಕಾರ್ಯದ ಈ ಪಿಜಿಗೆ ಸಾಮಾನ್ಯವಾಗಿ ಯಾವ ಡಿಗ್ರಿಯವರೂ ಅರ್ಜಿ ಹಾಕಬಹುದು, ವಾರದಲ್ಲಿ ಕೆಲವು ದಿನ ಫೀಲ್ಡ್ ವರ್ಕ್ ಇರುತ್ತೆ, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಅನ್ನೋ ವಿಶೇಷ ವಿಷಯ ಆರಿಸ್ಕೊಂಡ್ರೆ ಸುಪ್ರೀಂ ಕೋರ್ಟ್ ಹೇಳಿದ ತರಬೇತಿಗೆ ಹತ್ತಿರ ಬರ್ತೀರಿ. ಸೈಕಾಲಜಿ ಎಂಎಗೆ ಅರ್ಹತೆ ಸಿಗದ ಬಿಕಾಂನೋರಿಗೆ ನನ್ನ ಮಟ್ಟಿಗೆ ಇದೇ ಗಟ್ಟಿ ದಾರಿ. ಇದನ್ನ ಎರಡನೇ ದರ್ಜೆ ಅಂತ ನೋಡೋರು ಇದಾರೆ. ನಮ್ಮ ಕಡೆಯ ಶಾಲೆ ನೋಡಿದೋರು ಹಾಗೆ ಅನ್ನಲ್ಲ. ದೀಪಾವಳಿ ಕಳೆದ ಮೇಲೆ ತಾಂಡಾಗಳಿಂದ ಮನೆಮಂದಿ ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ ಗುಳೆ ಹೋಗ್ತಾರೆ. ಮಗು ಜೊತೆಗೆ ಹೋಗುತ್ತೆ, ಇಲ್ಲ ಅಜ್ಜಿ ಹತ್ರ ಉಳಿಯುತ್ತೆ. ಆ ಮಗು ಕ್ಲಾಸಲ್ಲಿ ಮಂಕಾಗಿ ಕೂತಿದ್ರೆ ಟೆಸ್ಟ್ ಕಿಟ್ ಬಿಚ್ಚೋ ಮುಂಚೆ ಮನೆಗೆ ಹೋಗಿ ನೋಡ್ಬೇಕು. ಮನೆಗೆ ಹೋಗೋದನ್ನ ಹೇಳ್ಕೊಡೋದು ಎಂಎಸ್‌ಡಬ್ಲ್ಯುನಲ್ಲೇ.

ಈಗಾಗಲೇ ಬಿ.ಎಡ್ ಮಾಡಿ ಶಾಲೆಯಲ್ಲಿರೋ ಕೇಳುಗರಿಗೆ ಒಂದು ಮಾತು. ಎನ್‌ಸಿಇಆರ್‌ಟಿ ಒಂದು ವರ್ಷದ ಗೈಡೆನ್ಸ್ ಅಂಡ್ ಕೌನ್ಸೆಲಿಂಗ್ ಡಿಪ್ಲೊಮಾ ನಡೆಸುತ್ತೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಕೇಂದ್ರಗಳಲ್ಲಿ ಒಂದು. ಸ್ವಲ್ಪ ತಿಂಗಳು ಮನೆಯಿಂದ, ಸ್ವಲ್ಪ ಮೈಸೂರಲ್ಲಿ, ಕೊನೆಗೆ ಇಂಟರ್ನ್‌ಶಿಪ್. ಮೂರನೇ ಕುರ್ಚಿಗೆ ಇದು ಸರಿಯಾದ ಕೋರ್ಸ್.

ಎರಡನೇ ಕುರ್ಚಿ, ಸಹಿ ಹಾಕೋದು, ಬೇಕು ಅನ್ನೋರು ಇನ್ನೂ ಮುಂದೆ ಓದಬೇಕು. ಇಷ್ಟು ದಿನ ಎಂಎ ಆದ್ಮೇಲೆ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ಎರಡು ವರ್ಷದ ಎಂ.ಫಿಲ್ ಮಾಡ್ತಿದ್ರು. ಯುಜಿಸಿ 2022ರಲ್ಲಿ ಎಂ.ಫಿಲ್ ಅನ್ನೋದನ್ನೇ ನಿಲ್ಲಿಸಿ, ಕ್ಲಿನಿಕಲ್ ಸೈಕಾಲಜಿಗೆ 2025-26ರವರೆಗೆ ಅವಕಾಶ ಕೊಟ್ಟಿತ್ತು. ಅದರ ಜಾಗಕ್ಕೆ ಆರ್‌ಸಿಐ ಹೊಸ ಕೋರ್ಸ್‌ಗಳನ್ನ ತಂದಿದೆ. ಯಾವ ಕಾಲೇಜು ಏನೇ ಹೇಳಲಿ, ಆರ್‌ಸಿಐ ವೆಬ್‌ಸೈಟಿನ ಮಾನ್ಯತೆ ಪಟ್ಟಿಯಲ್ಲಿ ಆ ಕಾಲೇಜಿನ, ಆ ಕೋರ್ಸಿನ ಹೆಸರು ಕಾಣೋವರೆಗೂ ಒಂದು ರೂಪಾಯಿ ಕಟ್ಟಬೇಡಿ.

ಇನ್ನು ಅರ್ಜಿ. ಕೆಲವು ವಿಶ್ವವಿದ್ಯಾಲಯಗಳು, ಮುಖ್ಯವಾಗಿ ಖಾಸಗಿಯವು, 'ನೀವು ಈ ಕೋರ್ಸಿಗೆ ಯಾಕೆ ಬರ್ತಿದೀರಿ' ಅಂತ ಒಂದು ಪುಟ ಬರೆಸ್ತಾರೆ, ಇಲ್ಲಾಂದ್ರೆ ಇಂಟರ್‌ವ್ಯೂನಲ್ಲಿ ಕೇಳ್ತಾರೆ. ನೂರರಲ್ಲಿ ತೊಂಬತ್ತು ಜನ 'ಚಿಕ್ಕಂದಿನಿಂದ ನನಗೆ ಜನರ ಮನಸ್ಸು ಅರ್ಥ ಮಾಡ್ಕೊಳ್ಳೋ ಆಸಕ್ತಿ' ಅಂತಲೇ ಶುರು ಮಾಡ್ತಾರೇನೋ. ನೀವು ಕಂಡಿದ್ದನ್ನ ಬರೀರಿ. ಆರನೇ ಕ್ಲಾಸಿನ ಒಬ್ಬ ಹುಡುಗ, ಬಾಯಿಲೆಕ್ಕ ಬರುತ್ತೆ, ಓದೋಕೆ ಬರಲ್ಲ. ನಾನು ಎರಡು ತಿಂಗಳು ಲೆಕ್ಕ ಓದಿ ಹೇಳಿ ನೋಡ್ದೆ, ಏನು ಬದಲಾಯ್ತು, ಏನು ಬದಲಾಗ್ಲಿಲ್ಲ, ಆಮೇಲೆ ಯಾರ ಹತ್ರ ಕಳಿಸ್ದೆ. ಇಷ್ಟೇ. ಮಗುವಿನ ಹೆಸರು, ಊರು, ಶಾಲೆ ಬರೀಬೇಡಿ. ಗುಟ್ಟು ಕಾಯೋದು ಈ ವೃತ್ತಿಯ ಮೊದಲ ಪಾಠ, ಅರ್ಜಿಯಲ್ಲೇ ಅದು ಕಾಣ್ಲಿ.

ಹಾಗಂತ ಎಲ್ಲ ಗುಟ್ಟನ್ನೂ ಕಾಯೋ ಹಾಗಿಲ್ಲ. ಇದನ್ನ ಇಂಟರ್‌ವ್ಯೂನಲ್ಲಿ ಕೇಳಬಹುದು. ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಹೇಳಿದ್ರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಯಾರ ಮನೆ ಮರ್ಯಾದೆ ಅನ್ನೋದು ಅಲ್ಲಿ ಬರಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿ ಮದುವೆ ಗೊತ್ತಾಗಿದೆ ಅಂದ್ರೆ 1098ಕ್ಕೆ ಫೋನ್ ಮಾಡೋ ಧೈರ್ಯ ಬೇಕು. ಚಿಕ್ಕ ಊರಲ್ಲಿ ಆ ಹುಡುಗಿಯ ಮಾವ ನಿಮ್ಮ ಪಕ್ಕದ ಬೀದಿಯವರೇ ಆಗಿರ್ತಾರೆ. ಬೆಂಗಳೂರಿನ ಪಠ್ಯದಲ್ಲಿ ಈ ಪಕ್ಕದ ಬೀದಿ ಇರಲ್ಲ. ಅರ್ಜಿ ಹಾಕೋ ಮುಂಚೆ ನಿಮ್ಮನ್ನೇ ಕೇಳ್ಕೊಳ್ಳಿ.

ನಮ್ಮೂರಿಂದ ಹೋಗೋರು ಆ ಒಂದು ಪುಟದಲ್ಲಿ ಬರೀಬಹುದಾದ ಇನ್ನೊಂದು ವಿಷಯ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಒಂದು ಇಡೀ ಜಿಲ್ಲೆಯಲ್ಲಿ ಪ್ರಯೋಗ ಮಾಡಿದ್ರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಹಳ್ಳಿ ಹತ್ತಿರವೇ ಚಿಕಿತ್ಸೆ ಸಿಗೋ ಹಾಗೆ ಮಾಡೋದು. ಆ ಜಿಲ್ಲೆ ಬಳ್ಳಾರಿ. ಆಗ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲ ಅದರೊಳಗೇ ಇದ್ದವು. ಅದನ್ನೇ 'ಬಳ್ಳಾರಿ ಮಾದರಿ' ಅಂತ ಕರೆದು, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಆಸ್ಪತ್ರೆಗಾಗಿ ಅವತ್ತು ಇಲ್ಲಿ ಮಾಡಿದ್ದನ್ನ ಶಾಲೆಗೆ ಮಾಡಬೇಕು ಅಂತಿದೀನಿ ಅಂತ ಬರೆದ್ರೆ, ಓದೋರು ಆ ಪುಟ ತಿರುಗಿಸೋ ಮುಂಚೆ ಒಂದು ಸಲ ನಿಲ್ತಾರೆ.

ಭಾಷೆನೂ ನಿಮ್ಮ ಬಂಡವಾಳ. ವಿ.ವಿ. ಕಾಮತ್ ಅವರು 1934ರಲ್ಲೇ ಬಿನೆ ಬುದ್ಧಿಶಕ್ತಿ ಪರೀಕ್ಷೆನ ಕನ್ನಡ, ಮರಾಠಿ ಮಾತಾಡೋ ಮಕ್ಕಳಿಗೆ ಹೊಂದಿಸಿದ್ರು. ಬಿನೆ-ಕಾಮತ್ ಪರೀಕ್ಷೆ ಅನ್ನೋ ಹೆಸರಲ್ಲಿ ಅದು ಇನ್ನೂ ಬಳಕೆಯಲ್ಲಿದೆ. ಅಷ್ಟು ಹಳೆಯ ಮಾಪನದಿಂದ ಇವತ್ತಿನ ಮಗುನ ಅಳೀತಿದೀವಿ ಅನ್ನೋದು ಹೆಮ್ಮೆಯಷ್ಟೇ ಚಿಂತೆಯ ವಿಷಯನೂ ಹೌದು. ಕನ್ನಡದ ಜೊತೆ ಲಂಬಾಣಿಯೋ, ಕಂಪ್ಲಿ ಕಡೆ ಕ್ಯಾಂಪುಗಳ ತೆಲುಗೋ, ಉರ್ದುವೋ ಬರೋರು ಅದನ್ನ ಅರ್ಜಿಯಲ್ಲಿ ಬರೀರಿ. ಮನೆ ಭಾಷೆ ಒಂದು, ಶಾಲೆ ಭಾಷೆ ಇನ್ನೊಂದು ಆದ ಮಗುನ 'ದಡ್ಡ' ಅಂತ ಬರೆದುಬಿಡೋ ಅಪಾಯ ಇಲ್ಲಿ ಬಹಳ.

ಕೊನೆಗೆ ಕಾಗದ-ಪತ್ರ. ಹೊಸಪೇಟೆ, ಹಂಪಿ 2021ರಿಂದ ವಿಜಯನಗರ ಜಿಲ್ಲೆ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಎರಡೂ ಜಿಲ್ಲೆಗೆ 371ಜೆ ಅನ್ವಯ ಆಗುತ್ತೆ. ಅದರ ಪ್ರಕಾರ ಕಲ್ಯಾಣ ಕರ್ನಾಟಕದೊಳಗಿನ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಈ ಭಾಗದವರಿಗೆ. ಅರ್ಹತಾ ಪತ್ರ ಕೊಡೋದು ನಿಮ್ಮ ಉಪವಿಭಾಗದ ಸಹಾಯಕ ಆಯುಕ್ತರು. ಕಂಪ್ಲಿ ಮೊದಲು ಹೊಸಪೇಟೆ ತಾಲೂಕಿನಲ್ಲೇ ಇದ್ದಿದ್ದರಿಂದ, ನಿಮ್ಮ ಹಳೆ ವ್ಯಾಸಂಗ ಪ್ರಮಾಣಪತ್ರದಲ್ಲಿ ಒಂದು ತಾಲೂಕು, ಆಧಾರ್‌ನಲ್ಲಿ ಇನ್ನೊಂದು ಇರಬಹುದು. ಪ್ರವೇಶದ ಪ್ರಕಟಣೆ ಬಂದ ಮೇಲೆ ಇದನ್ನ ಸರಿಮಾಡಿಸೋಕೆ ಓಡಾಡಿದ್ರೆ ದಿನಗಳು ಸಾಲಲ್ಲ. ಹಾಗೇ, ಡಿಗ್ರಿಯಲ್ಲಿ ನಿಮಗೆ ಪಾಠ ಮಾಡಿದ ಮೇಷ್ಟ್ರು ಒಬ್ಬರನ್ನ ಈಗಲೇ ಭೇಟಿಯಾಗಿ ಶಿಫಾರಸು ಪತ್ರ ಕೊಡ್ತೀರಾ ಸರ್ ಅಂತ ಕೇಳಿಡಿ. ನಾಲ್ಕು ವರ್ಷ ಆದ್ಮೇಲೆ ಅವರಿಗೆ ನಿಮ್ಮ ಮುಖ ನೆನಪಿರುತ್ತೆ, ಮಾರ್ಕ್ಸ್ ಇರಲ್ಲ. ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ತಗೊಂಡು ಹೋಗಿ.

ಕೇಳ್ತಿರೋರಲ್ಲಿ ಯಾರಿಗಾದ್ರೂ ಈಗ ಮನಸ್ಸಿಗೆ ಕಷ್ಟ ಆಗ್ತಿದ್ರೆ ಟೆಲಿ-ಮಾನಸ್ ನಂಬರ್ 14416. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅರ್ಜಿ ಬಗ್ಗೆ ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ, ಒಂದು ನಿಮಿಷದೊಳಗೆ.